ಡಿಎಲ್‌ಎಲ್ ಮೇಲೆ ಸರಿಯಾದ ಚೀಟಿ: ಎಂಎಸ್‌ಬಿಲ್ಡ್‌ನಿಂದ ಅಸೆಂಬ್ಲಿ ಆಟ್ರಿಬ್ಯೂಟ್ ಬರೆಸುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಮಾತು. ಗ್ರಾಹಕರೊಬ್ಬರ ಸರ್ವರ್‌ನಲ್ಲಿ ಬಿಲ್ಲಿನ ಮೊತ್ತ ತಪ್ಪು ಬರುತ್ತಿತ್ತು. ಅದನ್ನು ನಾವು ಹಿಂದಿನ ವಾರವೇ ಸರಿ ಮಾಡಿ ಕಳಿಸಿದ್ದೆವು. ಫೋನ್ ಮಾಡಿ "ಹೊಸ ಫೈಲ್ ಹಾಕಿದ್ರಾ?" ಎಂದು ಕೇಳಿದರೆ "ಹಾಕಿದ್ದೀವಿ ಸಾರ್" ಎನ್ನುತ್ತಾರೆ. ಸರಿ, ಡಿಎಲ್‌ಎಲ್ (ಪ್ರೋಗ್ರಾಂನ ಬಿಲ್ಡ್ ಆದ ಕೋಡ್ ಇರುವ ಫೈಲ್) ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ಟ್ಯಾಬ್‌ನಲ್ಲಿ ಫೈಲ್ ವರ್ಷನ್ ಎಷ್ಟಿದೆ ಓದಿ ಎಂದೆ. "ಒನ್ ಪಾಯಿಂಟ್ ಝೀರೋ ಪಾಯಿಂಟ್ ಝೀರೋ ಪಾಯಿಂಟ್ ಝೀರೋ." ಹಳೇ ಫೈಲಿನಲ್ಲೂ ಅದೇ, ಹೊಸದರಲ್ಲೂ ಅದೇ. ನಾವು ಆ ವರ್ಷ ಕಳಿಸಿದ ಅಷ್ಟೂ ಫೈಲುಗಳಲ್ಲಿ ಅದೇ. ಕೊನೆಗೆ ಎರಡು ಫೈಲಿನ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಫೋನಿನಲ್ಲೇ ಓದಿಸಿ, ಅವರ ಹತ್ತಿರ ಇರುವುದು ಹಳೇದು ಎಂದು ಪತ್ತೆ ಮಾಡುವಷ್ಟರಲ್ಲಿ ಸಂಜೆಯಾಗಿತ್ತು.

ತಪ್ಪು ಅವರದಲ್ಲ, ನಮ್ಮದೇ. ಡಬ್ಬದ ಮೇಲೆ ಚೀಟಿ ಅಂಟಿಸದೆ ಒಳಗೆ ಸಕ್ಕರೆಯೋ ಉಪ್ಪೋ ಎಂದು ಬೇರೆಯವರನ್ನು ಕೇಳಿದ ಹಾಗಾಗಿತ್ತು.

ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಬಿಲ್ಡ್ ಆಗಿ ಬಂದ ಡಿಎಲ್‌ಎಲ್‌ಗೆ ಅಸೆಂಬ್ಲಿ ಎಂದೂ, ಅದರ ಮೇಲಿನ ಈ ಚೀಟಿಗೆ ಅಸೆಂಬ್ಲಿ ಆಟ್ರಿಬ್ಯೂಟ್ ಎಂದೂ ಎನ್ನುತ್ತಾರೆ. ವರ್ಷನ್, ಕಂಪನಿ ಹೆಸರು, ಕಾಪಿರೈಟ್, ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ಉಳಿಸಿದ ಯಾವ ಬದಲಾವಣೆಯಿಂದ) ಬಿಲ್ಡ್ ಆಯಿತು, ಯಾವ ಟೆಸ್ಟ್ ಪ್ರಾಜೆಕ್ಟ್ ಒಳಗಿನ ಕ್ಲಾಸ್‌ಗಳನ್ನು ನೋಡಬಹುದು, ಇವೆಲ್ಲ ಅದರಲ್ಲಿ ಬರುತ್ತವೆ. ಇದನ್ನು ಕೈಯಲ್ಲಿ ಬರೆಯುವ ಕಾಲ ಹೋಯಿತು. ಕೋಡನ್ನು ಡಿಎಲ್‌ಎಲ್ ಮಾಡುವ ಡಾಟ್‌ನೆಟ್‌ನ ಬಿಲ್ಡ್ ಸಾಧನ ಎಂಎಸ್‌ಬಿಲ್ಡ್ ತಾನೇ ಬರೆಯುತ್ತದೆ. ಆದರೆ ಅದಕ್ಕೆ ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ಸುಮ್ನೆ 1.0.0.0 ಎಂದು ಬರೆದು ಕೂರುತ್ತದೆ.

ಓದುವ ಮುಂಚೆ ಒಂದು ಮಾತು. ಟ್ಯಾಗ್, ಕಮಾಂಡ್, ಫೈಲ್ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಹಾಕುವಾಗ ಇಂಗ್ಲಿಷ್ ಅಕ್ಷರ ಬಳಸಿ. ಟ್ಯಾಗ್ ಹೆಸರಿನ ಪದಗಳ ನಡುವೆ ಜಾಗ ಬಿಡಬೇಡಿ, ಪ್ರತಿ ಪದದ ಮೊದಲ ಅಕ್ಷರ ದೊಡ್ಡದಿರಲಿ.

ಮೊದಲು ಮೂರು ವರ್ಷನ್‌ಗಳ ಗೊಂದಲ ಬಗೆಹರಿಸೋಣ

ಒಂದು ಡಿಎಲ್‌ಎಲ್ ಒಳಗೆ ಮೂರು ವರ್ಷನ್ ಇರುತ್ತವೆ. ಮೂರಕ್ಕೂ ಒಂದೇ ನಂಬರ್ ಹಾಕಿದರೆ ಸಾಕಲ್ವಾ ಎಂದು ಎಲ್ಲರಿಗೂ ಅನಿಸುತ್ತದೆ. ಸಾಲದು. ಒಂದೊಂದನ್ನೂ ಬೇರೆ ಬೇರೆಯವರು ಓದುತ್ತಾರೆ.

ಅಸೆಂಬ್ಲಿ ವರ್ಷನ್ ಓದುವುದು ರನ್‌ಟೈಮ್. ನಿಮ್ಮ ಪ್ರೋಗ್ರಾಂ ಬೇರೊಂದು ಡಿಎಲ್‌ಎಲ್ ಹುಡುಕುವಾಗ ಈ ನಂಬರ್ ನೋಡುತ್ತದೆ. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ, ಸ್ಟ್ರಾಂಗ್ ನೇಮ್ (ಕೀ ಬಳಸಿ ಹಾಕಿದ ಡಿಜಿಟಲ್ ಸಹಿ) ಇರುವ ಅಸೆಂಬ್ಲಿಗಳಿಗೆ, ಇದು ತದ್ರೂಪ ಹೊಂದಲೇಬೇಕು. ಇಲ್ಲದಿದ್ದರೆ ಕಾನ್ಫಿಗ್ ಫೈಲಿನಲ್ಲಿ ಬೈಂಡಿಂಗ್ ರೀಡೈರೆಕ್ಟ್ (ಆ ವರ್ಷನ್ ಬದಲು ಈ ವರ್ಷನ್ ಬಳಸು ಎಂಬ ಸೂಚನೆ) ಬರೆಯಬೇಕು. ಬರೆದವರಿಗೆ ಗೊತ್ತು ಅದರ ಕಷ್ಟ. ಈಗಿನ ಡಾಟ್‌ನೆಟ್ ಅಷ್ಟು ಹಟ ಮಾಡುವುದಿಲ್ಲ, ಕೇಳಿದ್ದಕ್ಕಿಂತ ಮೇಲಿನ ವರ್ಷನ್ ಸಿಕ್ಕರೂ ಒಪ್ಪಿಕೊಳ್ಳುತ್ತದೆ. ಹಾಗಿದ್ದರೂ ನಾಲ್ಕು ಜನ ಬಳಸುವ ಲೈಬ್ರರಿ ನಿಮ್ಮದಾದರೆ ಈ ನಂಬರನ್ನು ಪದೇ ಪದೇ ಬದಲಿಸಬೇಡಿ. ಬಹಳ ಜನ ಬಳಸುವ ನ್ಯೂಟನ್‌ಸಾಫ್ಟ್ ಜೇಸನ್ ಲೈಬ್ರರಿ ನೋಡಿ. ಅದರ ಪ್ಯಾಕೇಜ್ 13.0.1 ಆಗಲಿ 13.0.3 ಆಗಲಿ, ಅಸೆಂಬ್ಲಿ ವರ್ಷನ್ ಮಾತ್ರ 13.0.0.0. ಮೊದಲ ಅಂಕಿ ಬದಲಾದಾಗಷ್ಟೇ ಅದು ಬದಲಾಗುತ್ತದೆ.

ಫೈಲ್ ವರ್ಷನ್ ಓದುವುದು ವಿಂಡೋಸ್, ಇನ್‌ಸ್ಟಾಲರ್, ಮತ್ತೆ ಫೋನಿನ ಆ ಕಡೆ ಇರುವ ಮನುಷ್ಯ. ಇದು ಪ್ರತಿ ಬಿಲ್ಡ್‌ಗೂ ಬದಲಾಗಬೇಕು. ರನ್‌ಟೈಮ್ ಇದನ್ನು ನೋಡುವುದೇ ಇಲ್ಲ, ಹಾಗಾಗಿ ಬದಲಿಸಿದರೆ ಏನೂ ಮುರಿಯುವುದಿಲ್ಲ.

ಇನ್ಫರ್ಮೇಷನಲ್ ವರ್ಷನ್ ಬರೀ ಅಕ್ಷರಗಳ ಸಾಲು. ಇಲ್ಲಿ ಬೀಟಾ ಎಂದೂ ಬರೆಯಬಹುದು, ಕಮಿಟ್ ಹ್ಯಾಶ್ (ಕಮಿಟ್‌ನ ಉದ್ದದ ಗುರುತು) ಕೂಡ ಹಾಕಬಹುದು. ವಿಂಡೋಸ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಪ್ರಾಡಕ್ಟ್ ವರ್ಷನ್ ಎಂದು ಕಾಣುವುದು ಇದೇ. ಡೆವಲಪರ್‌ಗೆ ಈ ಮೂರರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ, ಜಾಸ್ತಿ ಜನ ಮರೆಯುವುದೂ ಇದನ್ನೇ.

ಅಂಕಿಗೆ ಮಿತಿ ಇದೆ ಎನ್ನುವುದು ಕೆಲವರಿಗೆ ಗೊತ್ತಿರುವುದಿಲ್ಲ. ಅಸೆಂಬ್ಲಿ ವರ್ಷನ್‌ನ ಪ್ರತಿ ಭಾಗ 65534 ದಾಟುವಂತಿಲ್ಲ. "ದಿನಾಂಕವನ್ನೇ ಬಿಲ್ಡ್ ನಂಬರ್ ಮಾಡೋಣ" ಎಂದು 20240612 ಹಾಕಿದರೆ ಕಂಪೈಲರ್ ಸಿಎಸ್ 7034 ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಅದನ್ನೇ ಫೈಲ್ ವರ್ಷನ್‌ನಲ್ಲಿ ಹಾಕಿದರೆ ಸಿಎಸ್ 7035 ಎನ್ನುವ ವಾರ್ನಿಂಗ್ ಅಷ್ಟೇ ಬರುತ್ತದೆ. ವಾರ್ನಿಂಗ್ ಆದ್ದರಿಂದ ಯಾರೂ ನೋಡುವುದಿಲ್ಲ. ಅದು ಇನ್ನೂ ಕೆಟ್ಟದ್ದು.

ಹಂತ 1: ಹಳೆಯ ಅಸೆಂಬ್ಲಿಇನ್ಫೋ ಫೈಲನ್ನು ಬೀಳ್ಕೊಡಿ

2017ರಲ್ಲಿ ವಿಷುಯಲ್ ಸ್ಟುಡಿಯೋ 2017 ಜೊತೆಗೆ ಹೊಸ ಮಾದರಿಯ ಚಿಕ್ಕ ಸಿಎಸ್‌ಪ್ರಾಜ್ ಫೈಲ್ (ಪ್ರಾಜೆಕ್ಟ್‌ನ ಸೆಟ್ಟಿಂಗ್‌ಗಳಿರುವ ಫೈಲ್) ಬಂತು. ಇದಕ್ಕೆ ಎಸ್‌ಡಿಕೆ (ಡಾಟ್‌ನೆಟ್‌ನ ಬಿಲ್ಡ್ ಸಾಧನಗಳ ಕಟ್ಟು) ಶೈಲಿ ಎನ್ನುತ್ತಾರೆ. ಅದಕ್ಕೂ ಮುಂಚೆ ಪ್ರತಿ ಪ್ರಾಜೆಕ್ಟ್‌ನ ಪ್ರಾಪರ್ಟೀಸ್ ಫೋಲ್ಡರ್‌ನಲ್ಲಿ ಅಸೆಂಬ್ಲಿಇನ್ಫೋ ಡಾಟ್ ಸಿಎಸ್ ಎಂಬ ಫೈಲ್ ಇರುತ್ತಿತ್ತು. ನಾವು ಅದರಲ್ಲಿ ವರ್ಷನ್ ಬರೆಯುತ್ತಿದ್ದೆವು, ಅಥವಾ ಬಿಲ್ಡ್ ಸರ್ವರ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಇಟ್ಟುಕೊಂಡು ಆ ಸಾಲನ್ನು ಹುಡುಕಿ ಬದಲಿಸುತ್ತಿದ್ದೆವು. ಇನ್ನೂ ಹಿಂದೆ ಹೋದರೆ ಎನ್‌ಆಂಟ್ ಎಂಬ ಹಳೇ ಬಿಲ್ಡ್ ಸಾಧನ ಬಳಸಿದವರು ಆಸ್ಮ್‌ಇನ್ಫೋ ಎಂಬ ಟಾಸ್ಕ್‌ನಿಂದ ಆ ಫೈಲನ್ನೇ ಹೊಸದಾಗಿ ಬರೆಸುತ್ತಿದ್ದರು. ವಿಚಾರ ಆಗಿನದೇ, ಈಗ ಅದು ಎಂಎಸ್‌ಬಿಲ್ಡ್ ಒಳಗೇ ಸೇರಿಕೊಂಡಿದೆ.

ಹೊಸ ಶೈಲಿಯಲ್ಲಿ ಬಿಲ್ಡ್ ಮಾಡಿ, ಆಮೇಲೆ ಓಬಿಜೆ ಫೋಲ್ಡರ್ ತೆರೆದು ನೋಡಿ. ಡೀಬಗ್ ಅಥವಾ ರಿಲೀಸ್, ಅದರೊಳಗೆ ನೆಟ್8.0 ಎಂಬಂಥ ಫೋಲ್ಡರ್, ಅದರೊಳಗೆ ನಿಮ್ಮ ಪ್ರಾಜೆಕ್ಟ್ ಹೆಸರಿನ ಜೊತೆ ಅಸೆಂಬ್ಲಿಇನ್ಫೋ ಎಂದು ಕೊನೆಯಾಗುವ ಒಂದು ಸಿಎಸ್ ಫೈಲ್. ಅದನ್ನು ತೆರೆಯಿರಿ. ನೀವು ಬರೆಯದೇ ಇದ್ದ ಎಂಟು ಹತ್ತು ಸಾಲು ಅಲ್ಲಿರುತ್ತವೆ. ಎಂಎಸ್‌ಬಿಲ್ಡ್ ನಿಮಗಾಗಿ ಬರೆದದ್ದು ಅದೇ. ಈ ಮಾರ್ಗದರ್ಶಿ ಪೂರ್ತಿ ಆ ಒಂದು ಫೈಲಿನಲ್ಲಿ ಏನು ಬರಬೇಕು ಎನ್ನುವುದರ ಬಗ್ಗೆಯೇ. ಆದರೆ ಅದನ್ನು ಕೈಯಿಂದ ತಿದ್ದಬೇಡಿ, ಮುಂದಿನ ಸಲ ಮತ್ತೆ ಬರೆಯಲ್ಪಡುತ್ತದೆ.

ಹಳೇ ಪ್ರಾಜೆಕ್ಟನ್ನು ಹೊಸ ಶೈಲಿಗೆ ತಂದಾಗ ಮೊದಲು ಕಾಣುವ ಎರರ್ ಸಿಎಸ್ 0579, ಡೂಪ್ಲಿಕೇಟ್ ಆಟ್ರಿಬ್ಯೂಟ್. ನಿಮ್ಮ ಹಳೇ ಫೈಲೂ ಕಂಪನಿ ಹೆಸರು ಹೇಳುತ್ತಿದೆ, ಎಂಎಸ್‌ಬಿಲ್ಡ್ ಬರೆದದ್ದೂ ಹೇಳುತ್ತಿದೆ. ಜನ ಏನು ಮಾಡುತ್ತಾರೆ? ಗೂಗಲ್ ಮಾಡಿ, ಜನರೇಟ್‌ಅಸೆಂಬ್ಲಿಇನ್ಫೋ ಎಂಬ ಪ್ರಾಪರ್ಟಿಯನ್ನು ಫಾಲ್ಸ್ ಮಾಡಿ, ಎರರ್ ಹೋಯಿತು ಎಂದು ಮುಂದೆ ಹೋಗುತ್ತಾರೆ. ಅಲ್ಲಿಗೆ ಪೈಪ್‌ಲೈನ್‌ನಿಂದ (ಬಿಲ್ಡ್ ಸರ್ವರ್ ತಾನಾಗಿ ನಡೆಸುವ ಹಂತಗಳಿಂದ) ಕೊಡುವ ಯಾವ ವರ್ಷನ್ನೂ ಡಿಎಲ್‌ಎಲ್ ತಲುಪುವುದಿಲ್ಲ. ಎರರ್ ಕೂಡ ಬರುವುದಿಲ್ಲ. ನಮ್ಮ 1.0.0.0 ಕಥೆ ಶುರುವಾದದ್ದು ಹೀಗೆಯೇ. ಹಳೇ ಫೈಲಿನಲ್ಲಿ ಯಾರೋ ಯಾವಾಗಲೋ ಬರೆದ ನಂಬರ್, ಅದರ ಮೇಲೆ ಒಂದು ಫಾಲ್ಸ್.

ಸರಿಯಾದ ದಾರಿ: ಹಳೇ ಫೈಲಿನಲ್ಲಿರುವ ಒಂದೊಂದು ಸಾಲನ್ನೂ ಪ್ರಾಪರ್ಟಿಯಾಗಿ ಪ್ರಾಜೆಕ್ಟ್‌ಗೆ ತನ್ನಿ, ಆಮೇಲೆ ಹಳೇ ಫೈಲ್ ಅಳಿಸಿ. ಟೈಟಲ್‌ಗೆ ಅಸೆಂಬ್ಲಿಟೈಟಲ್ ಎಂಬ ಪ್ರಾಪರ್ಟಿ ಇದೆ. ಉಳಿದವಕ್ಕೆ ಕಂಪನಿ, ಪ್ರಾಡಕ್ಟ್, ಕಾಪಿರೈಟ್, ಡಿಸ್ಕ್ರಿಪ್ಷನ್ ಎಂದು ನೇರ ಹೆಸರುಗಳೇ. ಯಾವುದೋ ಒಂದನ್ನು ಮಾತ್ರ ಕೋಡ್‌ನಲ್ಲೇ ಇಟ್ಟುಕೊಳ್ಳಲೇಬೇಕು ಎಂದಿದ್ದರೆ ಅದೊಂದನ್ನೇ ಆಫ್ ಮಾಡಬಹುದು. ಕಂಪನಿಗೆ ಜನರೇಟ್‌ಅಸೆಂಬ್ಲಿಕಂಪನಿಆಟ್ರಿಬ್ಯೂಟ್, ಹೀಗೆ ಪ್ರತಿಯೊಂದಕ್ಕೂ ಒಂದು ಸ್ವಿಚ್ ಇದೆ. ಇಡೀ ಮನೆಯ ಮೇನ್ ಆಫ್ ಮಾಡಬೇಡಿ.

ಹಳೇ ಫೈಲ್ ಇಲ್ಲದಿದ್ದರೂ ಇದೇ ಎರರ್ ಬಂದರೆ? ಫೋಲ್ಡರ್ ರಚನೆ ನೋಡಿ. ಒಂದು ಪ್ರಾಜೆಕ್ಟ್‌ನ ಫೋಲ್ಡರ್ ಒಳಗೆ ಇನ್ನೊಂದು ಪ್ರಾಜೆಕ್ಟ್ ಇದೆಯಾ? ಟೆಸ್ಟ್ ಪ್ರಾಜೆಕ್ಟನ್ನು ಮುಖ್ಯ ಪ್ರಾಜೆಕ್ಟ್ ಒಳಗೇ ಇಟ್ಟವರಿಗೆ ಇದು ಗ್ಯಾರಂಟಿ. ಹೊರಗಿನ ಪ್ರಾಜೆಕ್ಟ್ ತನ್ನ ಕೆಳಗಿರುವ ಎಲ್ಲ ಸಿಎಸ್ ಫೈಲ್‌ಗಳನ್ನೂ ತಾನಾಗಿಯೇ ಎತ್ತಿಕೊಳ್ಳುತ್ತದೆ. ಒಳಗಿನ ಪ್ರಾಜೆಕ್ಟ್‌ನ ಓಬಿಜೆ ಫೋಲ್ಡರ್‌ನಲ್ಲಿ ಎಂಎಸ್‌ಬಿಲ್ಡ್ ಬರೆದಿಟ್ಟ ಫೈಲೂ ಅದರಲ್ಲಿ ಸೇರುತ್ತದೆ. ಇದರ ತಮಾಷೆ ಎಂದರೆ ಹೊಸದಾಗಿ ಕ್ಲೋನ್ ಮಾಡಿ ಹೊರಗಿನದನ್ನು ಮೊದಲು ಬಿಲ್ಡ್ ಮಾಡಿದರೆ ಈ ಎರರ್ ಬರುವುದಿಲ್ಲ, ಒಳಗಿನದನ್ನು ಒಮ್ಮೆ ಬಿಲ್ಡ್ ಮಾಡಿದ ಮೇಲೆ ಹೊರಗಿನದು ಒಡೆಯುತ್ತದೆ. "ನನ್ನ ಮಷೀನ್‌ನಲ್ಲಿ ಆಗುತ್ತೆ" ಜಗಳಕ್ಕೆ ಇದಕ್ಕಿಂತ ಒಳ್ಳೆ ಸಾಮಗ್ರಿ ಇಲ್ಲ. ಎರಡನ್ನೂ ಅಕ್ಕಪಕ್ಕದ ಫೋಲ್ಡರ್‌ಗಳಿಗೆ ಸರಿಸಿ, ಮುಗಿಯಿತು.

ಹಂತ 2: ಎಲ್ಲವನ್ನೂ ಒಂದೇ ಕಡೆ ಬರೆಯಿರಿ

ಸೊಲ್ಯೂಷನ್‌ನಲ್ಲಿ ಹದಿನೈದು ಪ್ರಾಜೆಕ್ಟ್ ಇದ್ದರೆ ಹದಿನೈದು ಕಡೆ ಕಂಪನಿ ಹೆಸರು ಬರೆಯುವುದೇಕೆ? ರೆಪೊಸಿಟರಿಯ ತುದಿಯ ಫೋಲ್ಡರ್‌ನಲ್ಲಿ ಡೈರೆಕ್ಟರಿ ಡಾಟ್ ಬಿಲ್ಡ್ ಡಾಟ್ ಪ್ರಾಪ್ಸ್ ಎಂಬ ಫೈಲ್ ಇಡಿ. ಕೆಳಗಿನ ಎಲ್ಲ ಪ್ರಾಜೆಕ್ಟ್‌ಗಳೂ ಅದನ್ನು ತಾವಾಗಿ ಓದುತ್ತವೆ. ಲಿನಕ್ಸ್‌ನಲ್ಲಿ ಬಿಲ್ಡ್ ಆಗುವುದಾದರೆ ಡಿ ಮತ್ತು ಬಿ ದೊಡ್ಡಕ್ಷರ, ಪ್ರಾಪ್ಸ್ ಪೂರ್ತಿ ಸಣ್ಣಕ್ಷರ. ವಿಂಡೋಸ್ ಇದನ್ನು ಲೆಕ್ಕಿಸುವುದಿಲ್ಲ, ಲಿನಕ್ಸ್ ಲೆಕ್ಕಿಸುತ್ತದೆ. ಹೆಸರು ತಪ್ಪಿದರೆ ಎರರ್ ಇಲ್ಲ, ಫೈಲನ್ನು ಯಾರೂ ಓದುವುದಿಲ್ಲ ಅಷ್ಟೇ.

ನಾನು ಇಡುವ ಫೈಲ್ ಹೆಚ್ಚುಕಡಿಮೆ ಹೀಗಿರುತ್ತದೆ:

<ಪ್ರಾಜೆಕ್ಟ್>
  <ಪ್ರಾಪರ್ಟಿಗ್ರೂಪ್>
    <ಕಂಪನಿ>ನಿಮ್ಮ ಕಂಪನಿ ಹೆಸರು</ಕಂಪನಿ>
    <ಪ್ರಾಡಕ್ಟ್>ನಿಮ್ಮ ಪ್ರಾಡಕ್ಟ್ ಹೆಸರು</ಪ್ರಾಡಕ್ಟ್>
    <ವರ್ಷನ್‌ಪ್ರಿಫಿಕ್ಸ್>1.4.2</ವರ್ಷನ್‌ಪ್ರಿಫಿಕ್ಸ್>
    <ಬಿಲ್ಡ್‌ನಂಬರ್ ಕಂಡೀಷನ್="'$(ಬಿಲ್ಡ್‌ನಂಬರ್)' == ''">0</ಬಿಲ್ಡ್‌ನಂಬರ್>
    <ಅಸೆಂಬ್ಲಿವರ್ಷನ್>$(ವರ್ಷನ್‌ಪ್ರಿಫಿಕ್ಸ್.ಸ್ಪ್ಲಿಟ್('.')[0]).0.0.0</ಅಸೆಂಬ್ಲಿವರ್ಷನ್>
    <ಫೈಲ್‌ವರ್ಷನ್>$(ವರ್ಷನ್‌ಪ್ರಿಫಿಕ್ಸ್).$(ಬಿಲ್ಡ್‌ನಂಬರ್)</ಫೈಲ್‌ವರ್ಷನ್>
  </ಪ್ರಾಪರ್ಟಿಗ್ರೂಪ್>
</ಪ್ರಾಜೆಕ್ಟ್>

ಬಿಲ್ಡ್ ನಂಬರ್ ಎನ್ನುವುದು ನಾನೇ ಇಟ್ಟ ಹೆಸರು, ಎಂಎಸ್‌ಬಿಲ್ಡ್‌ದಲ್ಲ. ಹೊರಗಿನಿಂದ ಕೊಡದಿದ್ದರೆ ಸೊನ್ನೆ. ಹಾಗಾಗಿ ಡೆವಲಪರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿದ್ದಕ್ಕೆ 1.4.2.0 ಬರುತ್ತದೆ, ಸರ್ವರ್ ಮಾಡಿದ್ದಕ್ಕೆ 1.4.2.318 ಥರ ಬರುತ್ತದೆ. ಕೊನೆಯಲ್ಲಿ ಸೊನ್ನೆ ಇರುವ ಫೈಲ್ ಗ್ರಾಹಕರ ಹತ್ತಿರ ಕಂಡರೆ ಯಾರೋ ಪೆನ್ ಡ್ರೈವ್‌ನಲ್ಲಿ ಕೊಟ್ಟು ಬಂದಿದ್ದಾರೆ ಎಂದು ತಿಳಿಯಿರಿ.

ಫೈಲ್ ವರ್ಷನ್ ಸಾಲನ್ನು ಬಿಡಬೇಡಿ. ಅದನ್ನು ಬರೆಯದಿದ್ದರೆ ಎಂಎಸ್‌ಬಿಲ್ಡ್ ಅಸೆಂಬ್ಲಿ ವರ್ಷನ್‌ನಲ್ಲಿರುವುದನ್ನೇ ನಕಲು ಮಾಡುತ್ತದೆ. ನೀವು ಅಸೆಂಬ್ಲಿ ವರ್ಷನ್ನನ್ನು 1.0.0.0 ಎಂದು ಗಟ್ಟಿ ಮಾಡಿದ ದಿನವೇ ಫೈಲ್ ವರ್ಷನ್ ಕೂಡ 1.0.0.0 ಆಗಿ ನಿಂತುಬಿಡುತ್ತದೆ. ಒಳ್ಳೆ ಕೆಲಸ ಮಾಡಲು ಹೋಗಿ ಆಗುವ ಎಡವಟ್ಟು ಇದು.

ಈ ಫೈಲ್ ಬಗ್ಗೆ ಇನ್ನೊಂದೆರಡು ವಿಷಯ. ಎಂಎಸ್‌ಬಿಲ್ಡ್ ಮೇಲಿನಿಂದ ಕೆಳಗೆ ಓದುತ್ತದೆ, ಪ್ರಾಪ್ಸ್ ಫೈಲ್ ತುಂಬಾ ಮೊದಲೇ ಬರುತ್ತದೆ. ಆಗ ಅಸೆಂಬ್ಲಿನೇಮ್ ಪ್ರಾಪರ್ಟಿ ಇನ್ನೂ ಹುಟ್ಟಿರುವುದಿಲ್ಲ. ಡಿಸ್ಕ್ರಿಪ್ಷನ್‌ನಲ್ಲಿ ಅದನ್ನು ಬಳಸಿದರೆ ಆ ಜಾಗ ಖಾಲಿ. ಬದಲಿಗೆ ಎಂಎಸ್‌ಬಿಲ್ಡ್‌ಪ್ರಾಜೆಕ್ಟ್‌ನೇಮ್ ಬಳಸಿ, ಅದು ಮೊದಲಿನಿಂದಲೇ ಇರುತ್ತದೆ. ಅಥವಾ ಆ ಸಾಲನ್ನು ಡೈರೆಕ್ಟರಿ ಡಾಟ್ ಬಿಲ್ಡ್ ಡಾಟ್ ಟಾರ್ಗೆಟ್ಸ್ ಫೈಲಿಗೆ ಹಾಕಿ, ಅದು ಪ್ರಾಜೆಕ್ಟ್ ಆದಮೇಲೆ ಬರುತ್ತದೆ.

ಪ್ರಾಪ್ಸ್ ಫೈಲ್ ಎರಡು ಇದ್ದರೆ ಹತ್ತಿರದ್ದು ಮಾತ್ರ ಓದಲ್ಪಡುತ್ತದೆ. ಟೆಸ್ಟ್ಸ್ ಫೋಲ್ಡರ್‌ನಲ್ಲಿ ಯಾರೋ ಇನ್ನೊಂದು ಪ್ರಾಪ್ಸ್ ಇಟ್ಟರೆ ಮೇಲಿನದು ಅಲ್ಲಿಗೆ ತಲುಪುವುದಿಲ್ಲ. ಗೆಟ್‌ಪಾತ್‌ಆಫ್‌ಫೈಲ್‌ಅಬೋವ್ ಎಂಬ ಫಂಕ್ಷನ್ ಬಳಸಿ ಒಳಗಿನದರಿಂದ ಮೇಲಿನದನ್ನು ಇಂಪೋರ್ಟ್ ಮಾಡಬೇಕು. ಮತ್ತೆ ಇದು ಎಕ್ಸ್‌ಎಂಎಲ್ ಎನ್ನುವುದು ನೆನಪಿರಲಿ. "ಶೆಟ್ಟಿ & ಸನ್ಸ್" ಥರದ ಹೆಸರಿದ್ದರೆ ನಡುವಿನ ಚಿಹ್ನೆಯನ್ನು ಎಕ್ಸ್‌ಎಂಎಲ್ ಕೇಳುವ ರೀತಿಯಲ್ಲಿ ಎಸ್ಕೇಪ್ ಮಾಡಿ. ಕನ್ನಡದಲ್ಲಿ ಕಂಪನಿ ಹೆಸರು ಬರೆಯಬಹುದಾ ಎಂದರೆ ಧಾರಾಳವಾಗಿ ಬರೆಯಿರಿ. ಫೈಲನ್ನು ಯುಟಿಎಫ್-8ನಲ್ಲಿ ಸೇವ್ ಮಾಡಿದರೆ ಸಾಕು.

ನಿಮ್ಮ ಪ್ರೋಗ್ರಾಂನ ಮೂಲ ಪಠ್ಯವೇ ಕನ್ನಡದಲ್ಲಿದೆ, ಇಂಗ್ಲಿಷ್ ಅನುವಾದ ಬೇರೆ ರಿಸೋರ್ಸ್ ಫೈಲಿನಲ್ಲಿದೆ ಎನ್ನಿ. ಆಗ ನ್ಯೂಟ್ರಲ್‌ಲ್ಯಾಂಗ್ವೇಜ್ ಪ್ರಾಪರ್ಟಿಗೆ ಕೆಎನ್-ಐಎನ್ ಎಂದು ಕೊಡಿ. ರನ್‌ಟೈಮ್‌ಗೆ ಕನ್ನಡ ಮುಖ್ಯ ಡಿಎಲ್‌ಎಲ್ ಒಳಗೇ ಇದೆ ಎಂದು ಗೊತ್ತಾಗುತ್ತದೆ, ಬೇರೆ ಸ್ಯಾಟಲೈಟ್ ಅಸೆಂಬ್ಲಿ (ಒಂದು ಭಾಷೆಯ ಅನುವಾದ ಮಾತ್ರ ಇರುವ ಡಿಎಲ್‌ಎಲ್) ಹುಡುಕುತ್ತಾ ಹೋಗುವುದಿಲ್ಲ.

ಹಂತ 3: ನಂಬರನ್ನು ಪೈಪ್‌ಲೈನ್‌ನಿಂದ ಕೊಡಿ

ಬಿಲ್ಡ್ ಸರ್ವರ್‌ನಲ್ಲಿ ಕಮಾಂಡ್ ಹೀಗೆ:

ಡಾಟ್‌ನೆಟ್ ಬಿಲ್ಡ್ -ಸಿ ರಿಲೀಸ್ -ಪಿ:ವರ್ಷನ್‌ಪ್ರಿಫಿಕ್ಸ್=1.5.0 -ಪಿ:ವರ್ಷನ್‌ಸಫಿಕ್ಸ್=ಬೀಟಾ.1 -ಪಿ:ಬಿಲ್ಡ್‌ನಂಬರ್=318

ಡ್ಯಾಶ್ ಪಿ ಮೂಲಕ ಕೊಟ್ಟದ್ದಕ್ಕೆ ಗ್ಲೋಬಲ್ ಪ್ರಾಪರ್ಟಿ ಎನ್ನುತ್ತಾರೆ. ಪ್ರಾಜೆಕ್ಟ್ ಫೈಲಿನಲ್ಲಿ ಏನೇ ಬರೆದಿದ್ದರೂ ಇದರ ಮಾತೇ ನಡೆಯುತ್ತದೆ. ಪ್ರಿಫಿಕ್ಸ್ ಮತ್ತು ಸಫಿಕ್ಸ್ ಸೇರಿ ವರ್ಷನ್ ಆಗುತ್ತದೆ, ನಡುವೆ ಡ್ಯಾಶ್ ತಾನೇ ಬರುತ್ತದೆ. ಇಲ್ಲಿ 1.5.0-ಬೀಟಾ.1. ಡಾಟ್‌ನೆಟ್ ಲೈಬ್ರರಿಗಳನ್ನು ಹಂಚುವ ನ್ಯೂಗೆಟ್ ಪ್ಯಾಕೇಜ್‌ಗೂ ಇದೇ ವರ್ಷನ್.

ಪ್ರಿಫಿಕ್ಸ್, ಸಫಿಕ್ಸ್ ಎಂದು ಒಡೆದು ಯಾಕೆ ಕೊಡಬೇಕು, ನೇರವಾಗಿ -ಪಿ:ವರ್ಷನ್= ಎಂದರೆ ಆಗಲ್ವಾ? ಚಿಕ್ಕ ಪ್ರಾಜೆಕ್ಟ್‌ಗೆ ಆಗುತ್ತದೆ. ಆದರೆ ಮೇಲಿನ ಪ್ರಾಪ್ಸ್ ಫೈಲಿನಲ್ಲಿ ಅಸೆಂಬ್ಲಿ ವರ್ಷನ್ನೂ ಫೈಲ್ ವರ್ಷನ್ನೂ ಪ್ರಿಫಿಕ್ಸ್‌ನಿಂದ ಹುಟ್ಟುತ್ತವೆ. ನೀವು ವರ್ಷನ್ ಎಂದು 2.0.0 ಕೊಟ್ಟರೆ ಪ್ರಿಫಿಕ್ಸ್ ಇನ್ನೂ 1.4.2 ಆಗಿಯೇ ಇರುತ್ತದೆ. ಪ್ಯಾಕೇಜ್ ಮೇಲೆ 2.0.0, ಒಳಗಿನ ಡಿಎಲ್‌ಎಲ್ ಮೇಲೆ 1.4.2.318. ನೋಡಿದವರಿಗೆ ತಲೆ ಕೆಡುತ್ತದೆ.

ಇದರ ಉಲ್ಟಾ ಕೂಡ ಆಗುತ್ತದೆ. ಪ್ರಾಜೆಕ್ಟ್‌ನಲ್ಲಿ ವರ್ಷನ್ ಎಂಬ ಟ್ಯಾಗನ್ನೇ ಬರೆದಿದ್ದರೆ, ಕಮಾಂಡ್‌ನಲ್ಲಿ ಕೊಟ್ಟ ಸಫಿಕ್ಸ್‌ಗೆ ಬೆಲೆಯೇ ಇಲ್ಲ. ವರ್ಷನ್ ಖಾಲಿ ಇದ್ದರೆ ಮಾತ್ರ ಪ್ರಿಫಿಕ್ಸ್ ಮತ್ತು ಸಫಿಕ್ಸ್ ಜೋಡಿಸಲ್ಪಡುತ್ತವೆ. ಬೀಟಾ ಎಂದು ಕೊಟ್ಟದ್ದು ಸ್ಟೇಬಲ್ ಆಗಿ ನ್ಯೂಗೆಟ್‌ಗೆ ಹೋದರೆ ವಾಪಸ್ ತರುವುದು ಕಷ್ಟ, ಗೊತ್ತಲ್ಲ. ಒಂದೋ ವರ್ಷನ್ ಟ್ಯಾಗ್, ಇಲ್ಲವೇ ಪ್ರಿಫಿಕ್ಸ್. ಎರಡು ದೋಣಿಯಲ್ಲಿ ಕಾಲಿಡಬೇಡಿ.

ಪ್ಯಾಕ್ ಮಾಡುವ ಕಮಾಂಡ್‌ಗೂ ಅವೇ ಪ್ರಾಪರ್ಟಿಗಳನ್ನು ಕೊಡಿ. ಬಿಲ್ಡ್‌ಗೆ ಕೊಟ್ಟು, ನೋ ಬಿಲ್ಡ್ ಎಂದು ಹೇಳಿ ಪ್ಯಾಕ್‌ಗೆ ಕೊಡುವುದನ್ನು ಮರೆತರೆ, ಡಿಎಲ್‌ಎಲ್ 1.5.0 ಇದ್ದು ಪ್ಯಾಕೇಜ್ 1.4.2 ಆಗುತ್ತದೆ.

ಕಂಪನಿ ಹೆಸರು, ಡಿಸ್ಕ್ರಿಪ್ಷನ್ ಥರದ್ದನ್ನು ಕಮಾಂಡ್ ಲೈನ್‌ನಲ್ಲಿ ಕೊಡಲು ಹೋಗಬೇಡಿ. ಅಲ್ಪವಿರಾಮ, ಅರ್ಧವಿರಾಮ ಬಂದ ಕಡೆ ಎಂಎಸ್‌ಬಿಲ್ಡ್ ಅಲ್ಲಿಂದ ಇನ್ನೊಂದು ಪ್ರಾಪರ್ಟಿ ಶುರುವಾಯಿತು ಎಂದುಕೊಳ್ಳುತ್ತದೆ. ಅವು ಪ್ರಾಪ್ಸ್ ಫೈಲಿನಲ್ಲೇ ಇರಲಿ.

ನಂಬರ್ ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ ಗಿಟ್ ಟ್ಯಾಗ್‌ನಿಂದ. ವಿ1.5.0 ಎಂದು ಟ್ಯಾಗ್ ಹಾಕಿ, ಪೈಪ್‌ಲೈನ್‌ನಲ್ಲಿ ಮೊದಲ ವಿ ತೆಗೆದು ಉಳಿದದ್ದನ್ನು ಪ್ರಿಫಿಕ್ಸ್ ಆಗಿ ಕೊಡಿ. ವಿ ತೆಗೆಯಲು ಮರೆತರೆ ಬಿಲ್ಡ್ ನಿಲ್ಲುತ್ತದೆ, ವರ್ಷನ್ ಅಂಕಿಯಿಂದಲೇ ಶುರುವಾಗಬೇಕು. ಗಿಟ್‌ಹಬ್ ಆ್ಯಕ್ಷನ್ಸ್ ಬಳಸುವವರು ಒಂದನ್ನು ಗಮನಿಸಿ. ಚೆಕ್‌ಔಟ್ ಹಂತ ಡೀಫಾಲ್ಟ್ ಆಗಿ ಕೊನೆಯ ಒಂದೇ ಕಮಿಟ್ ತರುತ್ತದೆ, ಹಳೇ ಟ್ಯಾಗ್‌ಗಳು ಬರುವುದಿಲ್ಲ. ಹತ್ತಿರದ ಟ್ಯಾಗ್ ತಿಳಿಯಲು ಗಿಟ್ ಡಿಸ್ಕ್ರೈಬ್ ಮಾಡಿದರೆ ಏನೂ ಸಿಗುವುದಿಲ್ಲ. ಫೆಚ್-ಡೆಪ್ತ್ ಸೊನ್ನೆ ಮಾಡಿ. ಇದನ್ನೆಲ್ಲ ಕೈಯಲ್ಲಿ ಮಾಡುವ ತಾಳ್ಮೆ ಇಲ್ಲದವರಿಗೆ ಮಿನ್‌ವರ್ ಎಂಬ ಪ್ಯಾಕೇಜ್ ಇದೆ, ಟ್ಯಾಗ್ ನೋಡಿ ವರ್ಷನ್ ತಾನೇ ಲೆಕ್ಕ ಹಾಕುತ್ತದೆ. ಅಸೆಂಬ್ಲಿ ವರ್ಷನ್‌ನಲ್ಲಿ ಮೊದಲ ಅಂಕಿ ಮಾತ್ರ ಇಟ್ಟು ಉಳಿದದ್ದು ಸೊನ್ನೆ ಮಾಡುವ ಪದ್ಧತಿ ಅದರದ್ದೂ ಹೌದು.

ಹಳಬರಿಗೆ ನೆನಪಿರಬಹುದು, 1.0.* ಎಂದು ನಕ್ಷತ್ರ ಹಾಕಿದರೆ ಕಂಪೈಲರೇ ಉಳಿದ ಅಂಕಿ ತುಂಬುತ್ತಿತ್ತು. ಮೂರನೆಯದು 2000ದ ಜನವರಿ 1ರಿಂದ ಎಷ್ಟು ದಿನವಾಯಿತು ಎನ್ನುವುದು, ನಾಲ್ಕನೆಯದು ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳ ಅರ್ಧ. ಚೆನ್ನಾಗಿಯೇ ಇತ್ತು. ಈಗ ಹಾಕಿದರೆ ಸಿಎಸ್ 8357 ಎರರ್. ಕಾರಣ, ಹೊಸ ಪ್ರಾಜೆಕ್ಟ್‌ಗಳಲ್ಲಿ ಡಿಟರ್ಮಿನಿಸ್ಟಿಕ್ ಎಂಬ ಪ್ರಾಪರ್ಟಿ ಆನ್ ಇರುತ್ತದೆ. ಅದೇ ಸೋರ್ಸ್, ಅದೇ ಕಂಪೈಲರ್ ಇದ್ದರೆ ಅದೇ ಬೈಟ್‌ಗಳು ಬರಬೇಕು ಎಂಬುದು ಅದರ ನಿಯಮ. ಗಡಿಯಾರ ನೋಡಿ ನಂಬರ್ ಹಾಕಿದರೆ ಆ ನಿಯಮ ಮುರಿಯುತ್ತದೆ. ನಕ್ಷತ್ರಕ್ಕಾಗಿ ಡಿಟರ್ಮಿನಿಸ್ಟಿಕ್ ಆಫ್ ಮಾಡುವವರನ್ನು ನೋಡಿದ್ದೇನೆ. ಬೇಡ. ಕಾಪಿರೈಟ್‌ನಲ್ಲಿ ಈ ವರ್ಷ ಯಾವುದೆಂದು ಗಡಿಯಾರದಿಂದ ತೆಗೆದುಕೊಳ್ಳುವುದೂ ಇದೇ ಜಾತಿಯ ಚಾಳಿ. ಡಿಸೆಂಬರ್‌ನ ಟ್ಯಾಗನ್ನು ಜನವರಿಯಲ್ಲಿ ಮತ್ತೆ ಬಿಲ್ಡ್ ಮಾಡಿದರೆ ಬೇರೆ ಡಿಎಲ್‌ಎಲ್ ಬರುತ್ತದೆ.

ಹಂತ 4: ಕಮಿಟ್ ಹ್ಯಾಶ್

ಡಾಟ್‌ನೆಟ್ 8 ಎಸ್‌ಡಿಕೆಯಿಂದ ಇದು ತಾನಾಗಿ ಆಗುತ್ತದೆ. ಡಿಎಲ್‌ಎಲ್ ಅನ್ನು ಅದರ ಸೋರ್ಸ್ ಕೋಡ್‌ಗೆ ಜೋಡಿಸುವ ಸೋರ್ಸ್ ಲಿಂಕ್ ಎಸ್‌ಡಿಕೆ ಒಳಗೇ ಬಂದಿದೆ, ಹಾಗಾಗಿ ಇನ್ಫರ್ಮೇಷನಲ್ ವರ್ಷನ್ ಕೊನೆಗೆ ಪ್ಲಸ್ ಚಿಹ್ನೆ ಹಾಕಿ ಪೂರ್ತಿ ಕಮಿಟ್ ಹ್ಯಾಶ್ ಸೇರಿಸುತ್ತದೆ. ಹಳೇ ಎಸ್‌ಡಿಕೆ ಇದ್ದರೆ ಸೋರ್ಸ್‌ರಿವಿಷನ್‌ಐಡಿ ಎಂಬ ಪ್ರಾಪರ್ಟಿಗೆ ನೀವೇ ಹ್ಯಾಶ್ ಕೊಡಿ, ಉಳಿದದ್ದು ಅದೇ.

2023ರ ನವೆಂಬರ್‌ನಲ್ಲಿ 8 ಬಂದು ಎಸ್‌ಡಿಕೆ ಬದಲಿಸಿದ ಮೇಲೆ ಎಷ್ಟೋ ಜನರ ಅಬೌಟ್ ಸ್ಕ್ರೀನ್‌ನಲ್ಲಿ ನಲವತ್ತು ಅಕ್ಷರದ ಬಾಲ ಕಾಣಿಸಿಕೊಂಡಿತು. ಇನ್‌ಕ್ಲೂಡ್‌ಸೋರ್ಸ್‌ರಿವಿಷನ್‌ಇನ್‌ಇನ್ಫರ್ಮೇಷನಲ್‌ವರ್ಷನ್, ಹೌದು, ಒಂದೇ ಪ್ರಾಪರ್ಟಿಯ ಹೆಸರು ಇಷ್ಟುದ್ದ, ಅದನ್ನು ಫಾಲ್ಸ್ ಮಾಡಿದರೆ ಬಾಲ ಹೋಗುತ್ತದೆ. ನನ್ನ ಸಲಹೆ ಬೇರೆ. ಬಾಲ ಡಿಎಲ್‌ಎಲ್‌ನಲ್ಲಿರಲಿ, ಸ್ಕ್ರೀನ್‌ನಲ್ಲಿ ತೋರಿಸುವಾಗ ಪ್ಲಸ್‌ನಿಂದ ಆಚೆಗಿನದನ್ನು ಕತ್ತರಿಸಿ. ನಡುರಾತ್ರಿ ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟಾಗ ಆ ಬಾಲ ಹಿಡಿದೇ ನೇರ ಕೋಡ್‌ಗೆ ಹೋಗುವುದು.

ಹಂತ 5: ವರ್ಷನ್ ಅಲ್ಲದ ಆಟ್ರಿಬ್ಯೂಟ್‌ಗಳು

ಟೆಸ್ಟ್ ಪ್ರಾಜೆಕ್ಟ್‌ಗೆ ಇಂಟರ್ನಲ್ (ಆ ಡಿಎಲ್‌ಎಲ್ ಒಳಗಷ್ಟೇ ಕಾಣುವ) ಕ್ಲಾಸ್‌ಗಳು ಕಾಣಬೇಕೆಂದರೆ ಮೊದಲು ಕೋಡ್‌ನಲ್ಲಿ ಬರೆಯಬೇಕಿತ್ತು. ಡಾಟ್‌ನೆಟ್ 5 ಎಸ್‌ಡಿಕೆಯಿಂದ ಐಟಂಗ್ರೂಪ್ ಒಳಗೆ ಒಂದು ಸಾಲು ಸಾಕು:

<ಇಂಟರ್ನಲ್ಸ್‌ವಿಸಿಬಲ್‌ಟು ಇನ್‌ಕ್ಲೂಡ್="$(ಅಸೆಂಬ್ಲಿನೇಮ್).ಟೆಸ್ಟ್ಸ್" />

ಇದನ್ನು ಪ್ರತಿ ಪ್ರಾಜೆಕ್ಟ್‌ನಲ್ಲಿ ಬರೆಯುವ ಬದಲು ಟಾರ್ಗೆಟ್ಸ್ ಫೈಲಿನಲ್ಲಿ ಒಮ್ಮೆ ಬರೆದರೆ ಎಲ್ಲಕ್ಕೂ ಬರುತ್ತದೆ. ನಿಮ್ಮ ಅಸೆಂಬ್ಲಿಗೆ ಸ್ಟ್ರಾಂಗ್ ನೇಮ್ ಇದ್ದರೆ ಟೆಸ್ಟ್ ಅಸೆಂಬ್ಲಿಗೂ ಇರಬೇಕು. ಕೀ ಎಂಬ ಕಡೆ ಪೂರ್ತಿ ಪಬ್ಲಿಕ್ ಕೀ ಕೊಡಬೇಕು. ಹದಿನಾರು ಅಕ್ಷರದ ಟೋಕನ್ ಅಲ್ಲ, ಉದ್ದದ ಕೀ.

ಉಳಿದ ಯಾವುದೇ ಆಟ್ರಿಬ್ಯೂಟ್‌ಗೆ ಅಸೆಂಬ್ಲಿಆಟ್ರಿಬ್ಯೂಟ್ ಎಂಬ ಸಾಮಾನ್ಯ ಐಟಂ ಇದೆ. ಇನ್‌ಕ್ಲೂಡ್‌ನಲ್ಲಿ ಆಟ್ರಿಬ್ಯೂಟ್ ಕ್ಲಾಸಿನ ನೇಮ್‌ಸ್ಪೇಸ್ ಸಮೇತ ಪೂರ್ತಿ ಹೆಸರು, ಒಳಗೆ _ಪ್ಯಾರಾಮೀಟರ್1, _ಪ್ಯಾರಾಮೀಟರ್2 ಎಂದು ಬೆಲೆಗಳು. ಮುಂದಿನ ಅಂಡರ್‌ಸ್ಕೋರ್ ಮರೆಯಬೇಡಿ. ಅದು ಇಲ್ಲದಿದ್ದರೆ ಎಂಎಸ್‌ಬಿಲ್ಡ್ ಅದನ್ನು ಪ್ರಾಪರ್ಟಿಯ ಹೆಸರು ಎಂದುಕೊಂಡು ಪ್ಯಾರಾಮೀಟರ್1 = ಎಂದು ಬರೆದುಬಿಡುತ್ತದೆ, ಕಂಪೈಲರ್ ಬೈಯುತ್ತದೆ.

ಇಲ್ಲಿ ಕಾಡುವುದು ಟೈಪ್. ಮೊದಲಿನ ಎಂಎಸ್‌ಬಿಲ್ಡ್‌ಗಳು ಎಲ್ಲ ಬೆಲೆಯನ್ನೂ ಸ್ಟ್ರಿಂಗ್ ಎಂದೇ ಬರೆಯುತ್ತಿದ್ದವು. ಟ್ರೂ ಎಂದು ಕೊಟ್ಟರೆ ಕೋಟ್ ಹಾಕಿದ "ಟ್ರೂ" ಬರುತ್ತಿತ್ತು, ಬೂಲಿಯನ್ ಕೇಳುವ ಆಟ್ರಿಬ್ಯೂಟ್ ಒಪ್ಪುತ್ತಿರಲಿಲ್ಲ. ಹೊಸವು ಡಾಟ್‌ನೆಟ್‌ನ ಮೂಲ ಲೈಬ್ರರಿಯ ಆಟ್ರಿಬ್ಯೂಟ್‌ಗಳಿಗೆ ಟೈಪನ್ನು ತಾವೇ ಊಹಿಸುತ್ತವೆ. ನೀವೇ ಬರೆದ ಆಟ್ರಿಬ್ಯೂಟ್‌ಗೆ ಊಹಿಸಲಾರವು. ಅಲ್ಲಿ _ಪ್ಯಾರಾಮೀಟರ್1_ಟೈಪ್‌ನೇಮ್ ಎಂದು ಸಿಸ್ಟಂ ಡಾಟ್ ಬೂಲಿಯನ್ ಕೊಡಿ. ಈನಂ ಥರದ್ದಾದರೆ _ಪ್ಯಾರಾಮೀಟರ್1_ಈಸ್‌ಲಿಟರಲ್ ಟ್ರೂ ಮಾಡಿ, ಆಗ ನೀವು ಬರೆದದ್ದನ್ನು ಕೋಟ್ ಹಾಕದೆ ಹಾಗೇ ಇಳಿಸುತ್ತದೆ.

ಸುಮ್ನೆ ಒಂದು ಹೆಸರು, ಒಂದು ಬೆಲೆ ಇಡಬೇಕಿದ್ದರೆ ಸ್ವಂತ ಆಟ್ರಿಬ್ಯೂಟ್ ಬರೆಯುವ ಉಸಾಬರಿ ಬೇಡ. ಅಸೆಂಬ್ಲಿಮೆಟಾಡೇಟಾ ಐಟಂ ಇದೆ. ಇನ್‌ಕ್ಲೂಡ್‌ನಲ್ಲಿ ಹೆಸರು, ವ್ಯಾಲ್ಯೂನಲ್ಲಿ ಬೆಲೆ. ಬ್ರಾಂಚ್ ಹೆಸರು ಇಡಲು ನಾನು ಇದನ್ನೇ ಬಳಸುತ್ತೇನೆ. ಪಾಸ್‌ವರ್ಡ್, ಟೋಕನ್, ಸರ್ವರ್ ವಿಳಾಸ ಮಾತ್ರ ಇಲ್ಲಿ ಹಾಕಬೇಡಿ. ಡಿಎಲ್‌ಎಲ್ ಬಿಚ್ಚಿ ತೋರಿಸುವ ಐಎಲ್‌ಸ್ಪೈ ಇದ್ದವರು ಯಾರು ಬೇಕಾದರೂ ತೆರೆದು ಓದಬಹುದು.

ಹಂತ 6: ಡಿಎಲ್‌ಎಲ್ ತೆರೆದು ನೋಡಿ

ಪ್ರಾಜೆಕ್ಟ್ ಫೈಲ್ ನೋಡಿ ಸರಿ ಇದೆ ಎನ್ನಬೇಡಿ. ಪೈಪ್‌ಲೈನ್ ಲಾಗ್ ನೋಡಿಯೂ ಎನ್ನಬೇಡಿ. ಹೊರಗೆ ಬಂದ ಡಿಎಲ್‌ಎಲ್ ಏನು ಹೇಳುತ್ತದೆ ನೋಡಿ.

ಪವರ್‌ಶೆಲ್‌ನಲ್ಲಿ ಗೆಟ್-ಐಟಂ ಮಾಡಿ ಅದರ ವರ್ಷನ್‌ಇನ್ಫೋ ಕೇಳಿದರೆ ಫೈಲ್ ವರ್ಷನ್, ಪ್ರಾಡಕ್ಟ್ ವರ್ಷನ್ ಎರಡೂ ಬರುತ್ತವೆ. ಅಸೆಂಬ್ಲಿ ವರ್ಷನ್ ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ಐಎಲ್‌ಸ್ಪೈನಲ್ಲಿ ತೆರೆಯಿರಿ. ಪೈಪ್‌ಲೈನ್ ಕೊನೆಯಲ್ಲಿ ಇದನ್ನೇ ಒಂದು ಹಂತವಾಗಿ ಇಡಿ. ಪ್ರಾಡಕ್ಟ್ ವರ್ಷನ್ ನೀವು ಕೊಟ್ಟ ವರ್ಷನ್‌ನಿಂದ ಶುರುವಾಗದಿದ್ದರೆ ಬಿಲ್ಡ್ ಫೇಲ್ ಆಗಲಿ. ಐದಾರು ಸಾಲಿನ ಸ್ಕ್ರಿಪ್ಟ್.

ಬಿಲ್ಡ್ ಮಾಡದೆ ಬೆಲೆ ತಿಳಿಯಬೇಕೆಂದರೆ ಡಾಟ್‌ನೆಟ್ 8ರಿಂದ ಗೆಟ್‌ಪ್ರಾಪರ್ಟಿ ಎಂಬ ಸ್ವಿಚ್ ಇದೆ. ಆದರೆ ನೀವು ಬರೆಯದೆ ಬಿಟ್ಟ ಅಸೆಂಬ್ಲಿ ವರ್ಷನ್, ಫೈಲ್ ವರ್ಷನ್‌ಗಳು ಒಂದು ಟಾರ್ಗೆಟ್ ಒಳಗೆ ಲೆಕ್ಕವಾಗುತ್ತವೆ. ಬರೀ ಹೆಸರು ಕೇಳಿದರೆ ಖಾಲಿ ಬರುತ್ತದೆ. ಹೀಗೆ ಕೇಳಿ:

ಡಾಟ್‌ನೆಟ್ ಎಂಎಸ್‌ಬಿಲ್ಡ್ -ಟಿ:ಗೆಟ್‌ಅಸೆಂಬ್ಲಿವರ್ಷನ್ -ಗೆಟ್‌ಪ್ರಾಪರ್ಟಿ:ಫೈಲ್‌ವರ್ಷನ್

ಇನ್ನು ಪ್ರೋಗ್ರಾಂ ಒಳಗೆ. ಶುರುವಾದ ಕೂಡಲೇ ಲಾಗ್‌ನ ಮೊದಲ ಸಾಲಿನಲ್ಲಿ ಇನ್ಫರ್ಮೇಷನಲ್ ವರ್ಷನ್ ಬರೆಸಿ. ಅಸೆಂಬ್ಲಿ ಕ್ಲಾಸಿನ ಗೆಟ್‌ಎಂಟ್ರಿಅಸೆಂಬ್ಲಿ ಕರೆದು, ಅದರಿಂದ ಅಸೆಂಬ್ಲಿಇನ್ಫರ್ಮೇಷನಲ್‌ವರ್ಷನ್‌ಆಟ್ರಿಬ್ಯೂಟ್ ತೆಗೆದು, ಅದರ ಬೆಲೆ. ಜನ ಇಲ್ಲಿ ಅಸೆಂಬ್ಲಿಯ ಗೆಟ್‌ನೇಮ್‌ನಿಂದ ವರ್ಷನ್ ತೆಗೆಯುತ್ತಾರೆ. ಅದು ಅಸೆಂಬ್ಲಿ ವರ್ಷನ್, ನಾವು ಬೇಕೆಂದೇ ಬದಲಿಸದೆ ಇಟ್ಟಿರುವ 1.0.0.0. ಅಷ್ಟೆಲ್ಲ ಮಾಡಿ ಲಾಗ್‌ನಲ್ಲಿ ಮತ್ತೆ ಅದೇ ಒನ್ ಪಾಯಿಂಟ್ ಝೀರೋ ಕಂಡರೆ ಗಾಬರಿಯಾಗಬೇಡಿ, ತಪ್ಪು ಆಟ್ರಿಬ್ಯೂಟ್ ಓದುತ್ತಿದ್ದೀರಿ ಅಷ್ಟೇ.

ನಮ್ಮ ಆ ಗ್ರಾಹಕರು ಈಗ ಫೋನ್ ಮಾಡುವ ಮುಂಚೆ ಲಾಗ್‌ನ ಮೊದಲ ಸಾಲನ್ನು ವಾಟ್ಸಾಪ್‌ನಲ್ಲಿ ಫೋಟೋ ತೆಗೆದು ಕಳಿಸುತ್ತಾರೆ. ಸ್ಕ್ರೀನ್‌ಶಾಟ್ ಅಲ್ಲ, ಮಾನಿಟರ್‌ನ ಫೋಟೋ, ಅದೂ ಓರೆಯಾಗಿ. ಆದರೂ ಹ್ಯಾಶ್‌ನ ಮೊದಲ ಏಳು ಅಕ್ಷರ ಓದಲು ಬರುತ್ತದೆ, ಕಮಿಟ್ ಹುಡುಕಲು ಸಾಮಾನ್ಯವಾಗಿ ಅಷ್ಟು ಸಾಕು.